ಗಾಡಿ ನಿಂತರೆ ಬರುವವರು

ನಮ್ಮ ಕಾರಿನ ವಿಮೆ ಮುಗಿಯುವುದು ಭಾನುವಾರಕ್ಕೆ ಬಂದಿತ್ತು. ಅದರ ಹಿಂದಿನ ವಾರವಿಡೀ ಮನೆಯಲ್ಲಿ ಅದೇ ಮಾತು. ಮಾನ್ವಿಯ ಏಜೆಂಟರ ಬಳಿ ಹಳೆಯ ಕಂಪನಿಯ ಪಾಲಿಸಿಯನ್ನೇ ಮುಂದುವರಿಸಬೇಕೋ, ಮೊಬೈಲಿನಲ್ಲೇ ಮಾಡಿಸಬಹುದಾದ ಬೇರೆ ಕಂಪನಿಗೆ ಹೋಗಬೇಕೋ? ಎರಡರಲ್ಲೂ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ನೆರವಿಗೆ ಬರುವ ಏರ್ಪಾಡು ಇತ್ತು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ನಮ್ಮ ಜಗಳ ದುಡ್ಡಿನದಲ್ಲ. ಕಾರು ಓಡಿಸುವವಳು ನನ್ನ ಹೆಂಡತಿ. ರಾಯಚೂರಿನಿಂದ ಹೊರಟು, ಅರಕೇರಾ ದಾಟಿ, ದೇವದುರ್ಗದ ಕಡೆಗಿರುವ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಗೆ ಹೋಗುತ್ತಾಳೆ. ಮೊದಲು ಜೊತೆಗೆ ಬರುತ್ತಿದ್ದ ಸಹೋದ್ಯೋಗಿಗೆ ವರ್ಗವಾದ ಮೇಲೆ ಹೋಗುವುದೂ ಒಬ್ಬಳೇ, ಬರುವುದೂ ಒಬ್ಬಳೇ. ಆ ದಾರಿಯಲ್ಲಿ ಗಾಡಿ ನಿಂತರೆ ಯಾರು ಬರುತ್ತಾರೆ ಎನ್ನುವುದೊಂದೇ ನಮ್ಮ ಮುಂದಿದ್ದ ಪ್ರಶ್ನೆ.

ನಾನು ಹಳೆಯ ಏಜೆಂಟರ ಪರವಾಗಿದ್ದೆ. ಅದಕ್ಕೆ ನನ್ನ ಬಳಿ ಒಂದೇ ಒಂದು ಆಧಾರ ಇತ್ತು, ನನ್ನ ನೆನಪು.

ಈ ಸಲದ ಮಳೆಗಾಲದಲ್ಲಿ ಅವಳ ಶಾಲೆಯಲ್ಲಿ ಏನೋ ಸಮಾರಂಭವೆಂದು ನಾನೂ ಹೋಗಿದ್ದೆ. ಸಂಜೆ ಮರಳುವಾಗ ಅರಕೇರಾ ಇನ್ನೂ ದೂರವಿರುವಾಗಲೇ ಗಾಡಿ ನಿಂತುಹೋಯಿತು. ಎರಡೂ ಕಡೆ ಎರೆಭೂಮಿ, ಒಂದು ಮನೆಯಿಲ್ಲ. ನಾನು ಕೆಳಗಿಳಿದು ಏಜೆಂಟರಿಗೆ ಫೋನ್ ಮಾಡಿದೆ. ಗಾಳಿ ಬೀಸುತ್ತಿತ್ತು, ಒಂದು ಕಿವಿ ಮುಚ್ಚಿಕೊಂಡು ಮಾತಾಡಬೇಕಾಯಿತು. ‘ನಾ ಕಳಸ್ತೀನ್ರಿ ಸರ, ನೀವು ಗಾಬರಿ ಆಗಬ್ಯಾಡ್ರಿ’ ಎಂದರು. ಹೊತ್ತು ಇಳಿಯುವ ಮೊದಲೇ ಒಬ್ಬ ಮೆಕ್ಯಾನಿಕ್ ಮೋಟರ್ ಸೈಕಲ್ಲಿನಲ್ಲಿ ಬಂದ. ಬ್ಯಾಟರಿಯ ತಂತಿ ಸಡಿಲಾಗಿತ್ತಂತೆ. ಬಿಗಿ ಮಾಡಿ ಗಾಡಿ ಚಾಲೂ ಮಾಡಿಕೊಟ್ಟು ಹೋದ. ನನ್ನ ನೆನಪು ಇಷ್ಟು, ಮತ್ತು ಇಷ್ಟೂ ಸ್ಪಷ್ಟ.

ಶನಿವಾರ ಬೆಳಿಗ್ಗೆ ಮಂಡಾಳ ಒಗ್ಗರಣೆ ತಿನ್ನುತ್ತ ಮತ್ತೆ ಅದನ್ನೇ ಹೇಳಿದೆ.

“ಅವತ್ತು ಕಂಪನಿ ಬಂತೇನು? ಇಲ್ಲ. ಏಜೆಂಟರಿಗೆ ಫೋನ್ ಮಾಡಿದ್ದಕ್ಕ ಮೆಕ್ಯಾನಿಕ್ ಬಂದ. ಮನಷ್ಯಾರಿಗೆ ಮನಷ್ಯಾರೇ ಬರಬೇಕು.”

“ಯಾರು ಫೋನ್ ಮಾಡಿದ್ರು?” ಎಂದಳು.

“ನಾನು.”

“ನೀವು ಯಾರಿಗೂ ಮಾಡಿಲ್ಲ. ನಿಮ್ಮ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ಅದನ್ನ ಎತ್ತಿ ಹಿಡಕೊಂಡು ರಸ್ತಾದ ತುಂಬಾ ಅಡ್ಡಾಡಿದ್ರಿ, ಅಷ್ಟ. ಕಂಪನಿಗೆ ಫೋನ್ ಮಾಡಿದಾಕಿ ನಾನು. ಓಟಿಪಿ ಬಂದದ ಹೇಳ್ರಿ ಅಂದ್ರು. ನನಗೂ ಬರಲಿಲ್ಲ, ನಿಮಗೂ ಬರಲಿಲ್ಲ. ಆಮ್ಯಾಲ ಫೋನ್ ಕಟ್ ಆತು.”

“ಮತ್ತ ಆ ಮೆಕ್ಯಾನಿಕ್?”

“ಹಾದು ಹೊಂಟಿದ್ದ. ನೋಡಿ ನಿಂತ.”

“ಹಾದು ಹೋಗಾವ ಪಾನಾ ಚೀಲ ತಗೊಂಡು ಹೋಗ್ತಾನೇನು?”

“ಮೆಕ್ಯಾನಿಕ್ ಮತ್ತೇನು ತಗೊಂಡು ಹೋಗಬೇಕು, ಹಾರ್ಮೋನಿಯಂ?”

ನಗು ಬಂತು, ಆದರೆ ಅವಳು ನಗಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಇತ್ತೀಚೆಗೆ ಈ ವಿಷಯ ಬಂದಾಗಲೆಲ್ಲ ಹೀಗೇ ಎದ್ದುಹೋಗುತ್ತಿದ್ದಳು. ಇಷ್ಟು ಸಣ್ಣ ಮಾತಿಗೆ ಇಷ್ಟು ಬಿಗುವು ಯಾಕೆಂದು ನನಗೆ ಅರ್ಥವಾಗಿರಲಿಲ್ಲ. ಹೊಸ ಕಂಪನಿಯ ಬಗ್ಗೆ ನಾನು ಎತ್ತಿದ ಪ್ರತಿಯೊಂದು ಅನುಮಾನಕ್ಕೂ ಅವಳ ಬಳಿ ಉತ್ತರ ಸಿದ್ಧವಿರುತ್ತಿತ್ತು. ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿ ಹೋಗುವುದಿಲ್ಲವೇ ಎಂದರೆ, ಹೋಗುವುದಿಲ್ಲ, ಅದು ಗಾಡಿಯ ಮಾಲೀಕರದ್ದು, ಕಂಪನಿ ಬದಲಾದರೂ ಬರುತ್ತದೆ ಎನ್ನುತ್ತಿದ್ದಳು. ಎಲ್ಲವನ್ನೂ ವಿಚಾರಿಸಿ ಇಟ್ಟುಕೊಂಡಿದ್ದಳು. ಬೇರೆ ಕಂಪನಿ ಏಕೆ ಬೇಕು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಈಗ ಕಾಲೇಜಿನಲ್ಲಿ ಅದನ್ನೇ ಹೇಳಿಕೊಡುತ್ತೇನೆ. ‘ಕಣ್ಣಾರೆ ಕಂಡೆ’ ಎನ್ನುವವನ ಮಾತನ್ನು ಮೊದಲು ಅನುಮಾನಿಸಬೇಕು ಎಂದು ನಮಗೆ ಕಲಿಸಿದ್ದರು, ನಾನೂ ಹಾಗೇ ಕಲಿಸುತ್ತೇನೆ. ಜಾಹೀರಾತು, ಜಾತಕ, ಚುನಾವಣೆಯ ಭರವಸೆ ಇವುಗಳಲ್ಲಿ ಯಾವುದನ್ನೂ ನಂಬಿದವನಲ್ಲ. ಅಂಥವನು ಆ ದಿನವಿಡೀ ನನ್ನ ಸಾಕ್ಷಿಯನ್ನೇ ತಿರುವಿ ಮುರುವಿ ನೋಡುತ್ತ ಕೂತೆ. ಗಾಳಿಯ ಸದ್ದು ನೆನಪಿತ್ತು. ಏಜೆಂಟರ ದನಿ ನೆನಪಿತ್ತು. ಫೋನಿನ ಪರದೆಯ ಮೇಲೆ ಅವರ ಹೆಸರು ಕಂಡದ್ದು ಮಾತ್ರ ನೆನಪಾಗಲಿಲ್ಲ. ಆಮೇಲೆ ನಾನು ಫೋನ್ ಬದಲಿಸಿದ್ದೇನೆ, ಹಳೆಯ ಕರೆಗಳನ್ನು ನೋಡುವ ದಾರಿ ಇಲ್ಲ. ಅರ್ಧ ವರ್ಷವೂ ಆಗಿಲ್ಲದ ಸಂಗತಿ. ಇಬ್ಬರೂ ಅಲ್ಲೇ ಇದ್ದೆವು. ಇಬ್ಬರಲ್ಲಿ ಒಬ್ಬರಿಗೆ, ನಡೆಯದೇ ಇದ್ದದ್ದು ನೆನಪಿದೆ. ಅದು ನಾನೇ ಆಗಿದ್ದರೆ, ಇಲ್ಲದ ಒಂದು ಫೋನ್ ಕರೆಯನ್ನು ನಂಬಿ ಅವಳನ್ನು ದಿನಾ ಆ ರಸ್ತೆಗೆ ಕಳಿಸುತ್ತಿದ್ದೇನೆ ಎಂದಾಯಿತು.

ಸಂಜೆ ಹೇಳಿದೆ, “ನಾಳೆ ಮಾನ್ವಿಗೆ ಹೋಗಿ ಅವರನ್ನೇ ಕೇಳಿ ಬರ್ತೀನಿ.”

“ನಾನೂ ಬರ್ತೀನಿ,” ಎಂದಳು. “ಗಾಡಿ ನಾನೇ ಹೊಡೀತೀನಿ.”

ಭಾನುವಾರ ಹೊರಟೆವು. ಸುಗ್ಗಿಯ ಕಾಲ. ಮಾನ್ವಿ ಹತ್ತಿರವಾದಂತೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಎದುರಿನಿಂದ ಬಸ್ಸು ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಬೇಕು. ಅವಳು ಭತ್ತದ ಒಂದು ಕಾಳೂ ಚಕ್ರಕ್ಕೆ ಸಿಗದಂತೆ ಓಡಿಸಿದಳು. ನಾನು ಮನಸ್ಸಿನಲ್ಲೇ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಉತ್ತರವನ್ನು ಅವರ ಬಾಯಿಗೆ ನಾನೇ ಇಡಬಾರದು. ‘ನಾನು ಫೋನ್ ಮಾಡಿದ್ದೆನಲ್ಲ’ ಎಂದರೆ ಆ ಮನುಷ್ಯ ದಾಕ್ಷಿಣ್ಯಕ್ಕೆ ಹೌದು ಎಂದುಬಿಡುತ್ತಾರೆ.

ಏಜೆಂಟರದು ಮನೆಯ ಮುಂಭಾಗದಲ್ಲೇ ಒಂದು ಸಣ್ಣ ಅಂಗಡಿ, ಎದುರಿಗೆ ಅಕ್ಕಿ ಗಿರಣಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾನ್ವಿಯಲ್ಲಿದ್ದಾಗ ಪರಿಚಯವಾದವರು. ಕಾರು ಕೊಂಡಾಗಿನಿಂದ ವಿಮೆಯ ಕೆಲಸವೆಲ್ಲ ಅವರದೇ. ಅವಧಿ ಮುಗಿಯುವ ಮುಂಚೆ ಅವರೇ ಫೋನ್ ಮಾಡುತ್ತಾರೆ, ಸಹಿ ಬೇಕಾದರೆ ಅವರೇ ರಾಯಚೂರಿಗೆ ಬರುತ್ತಾರೆ. ಐವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಸದಾ ಎರಡು ಫೋನು.

“ಬರ್ರಿ ಸರ. ಬರ್ರಿ ಅಕ್ಕಾರ,” ಎಂದು ಎದ್ದು ನಿಂತರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರು ಎನ್ನುವುದು ರೂಢಿ. “ನಾನೇ ಬರಾವಿದ್ದೆ. ಇವತ್ತ ಕಡೀ ದಿನ ಅಲ್ಲೇನ್ರಿ? ಕೂಡ್ರಿ, ಕೂಡ್ರಿ.” ಒಳಗೆ ಮುಖ ಮಾಡಿ ಚಹಾ ಹೇಳಿದರು.

ಚಹಾ ಬಂತು. ನಾನು ಶುರು ಮಾಡಿದೆ. “ಮಳಿಗಾಲದಾಗ ನಮ್ಮ ಗಾಡಿ ನಿಂತಿತ್ತಲ್ರಿ. ಅವತ್ತು ಏನೇನಾತು, ನಿಮಗೆ ಹೆಂಗ ನೆನಪದ ಹಂಗ ಹೇಳ್ರಿ.”

“ಯಾಕ್ರಿ ಸರ, ಕೋರ್ಟಿನ್ಯಾಗ ಕೇಳಿದಂಗ ಕೇಳಾಕತ್ತೀರಿ?”

“ಸುಮ್ಮ. ನಮ್ಮಿಬ್ಬರಿಗೂ ಒಂದೊಂದು ನಮೂನಿ ನೆನಪದ.”

“ಅದಕ್ಕೇನದ,” ಎಂದು ಅವರು ಬಶಿಗೆ ಚಹಾ ಸುರಿದುಕೊಂಡರು. “ನಾ ಇಲ್ಲೇ ಕುಂತಿದ್ದೆ. ಫೋನಿಗೆ ಒಂದು ಓಟಿಪಿ ಬಂತು. ರಸ್ತಾದಾಗ ಮದತ್ ಕೇಳ್ಯಾರ ಅಂತ ಬರದಿತ್ತು, ಗಾಡಿ ನಂಬರ್ ನಿಮ್ಮದು. ನಿಮಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಗಡಿಯಾರ ನೋಡಿದೆ, ಸಾಲಿ ಬಿಡೋ ಹೊತ್ತು. ಅಕ್ಕಾರು ಆ ದಾರೀಲೆ ಬರ್ತಾರ ಅಂತ ಗೊತ್ತಿತ್ತಲ್ಲ, ಅರಕೇರಾದ ಮೆಕ್ಯಾನಿಕ್‌ಗೆ ಹಚ್ಚಿ, ಲೇ, ದೇವದುರ್ಗದ ಕಡಿ ಒಂದು ಸುತ್ತು ಹೋಗಿ ಬಾ, ಎಲ್ಲೋ ಒಂದು ಬಿಳಿ ಕಾರ್ ನಿಂತಿರ್ತದ ಅಂದೆ. ನಿಂತಿತ್ತು.” ಬಶಿ ತುಟಿಗಿಟ್ಟುಕೊಂಡು ನಕ್ಕರು.

ನಾನು ಕೇಳಬಾರದೆಂದು ಇಟ್ಟುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದೆ. “ನಾ ನಿಮಗೆ ಫೋನ್ ಮಾಡಿದ್ದೆ ಅಲ್ಲೇನ್ರಿ?”

“ಮರುದಿನ ಮಾಡಿದ್ರಿ ಸರ. ಮೆಕ್ಯಾನಿಕ್ ಹೋಗೋ ಮುಂದ ನಿಮಗೊಬ್ಬರಿಗೆ ನನ್ನ ಹೆಸರು ಹೇಳಿದ್ನಂತ, ಭಾಳ ಉಪಕಾರ ಆತು ಅಂದ್ರಿ. ಕಾಲೇಜಿನ ಮಾಳಗಿ ಮ್ಯಾಲ ನಿಂತೀನಿ, ಗಾಳಿ ಅದ, ಜೋರ ಮಾತಾಡ್ರಿ ಅಂದಿದ್ರಿ.”

ಗಾಳಿ ನಿಜವೇ ಆಗಿತ್ತು. ಕಿವಿ ಮುಚ್ಚಿಕೊಂಡದ್ದೂ ನಿಜ. ನಾನು ಅದನ್ನು ಕಾಲೇಜಿನ ಮಹಡಿಯಿಂದ ಎತ್ತಿ ಅರಕೇರಾದ ರಸ್ತೆಯ ಮೇಲೆ ಇಟ್ಟಿದ್ದೆ, ನಡುವೆ ಒಂದು ದಿನವನ್ನು ಅಳಿಸಿ. ಏಜೆಂಟರಿಗೆ ಸುದ್ದಿ ಹೇಗೆ ಮುಟ್ಟಿತು ಎಂಬುದಕ್ಕೆ ಕಾರಣ ಬೇಕಿತ್ತು, ಮನಸ್ಸು ತಾನೇ ಒಂದನ್ನು ಒದಗಿಸಿಕೊಂಡಿತ್ತು. ‘ಕಳಸ್ತೀನ್ರಿ’ ಎಂಬ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಹೆಂಡತಿಯ ಕಡೆ ನೋಡಿದೆ. ಗೆದ್ದ ಮುಖ ಇರಲಿಲ್ಲ. ಮೆಕ್ಯಾನಿಕ್ ಸುಮ್ಮನೆ ಹಾದುಹೋಗುತ್ತಿರಲಿಲ್ಲ ಎಂಬುದು ಅವಳಿಗೂ ಈಗಲೇ ತಿಳಿದದ್ದು. ಆದರೆ ಅವಳು ಹಿಡಿದದ್ದು ಬೇರೆ.

“ಓಟಿಪಿ ನಿಮಗ್ಯಾಕ ಬಂತು?”

“ಪಾಲಿಸಿಯೊಳಗ ನನ್ನ ನಂಬರೇ ಅದಲ್ರಿ ಅಕ್ಕಾರ.”

“ನಮ್ಮ ಪಾಲಿಸಿಯೊಳಗ?”

“ಎಲ್ಲಾರದೂ ಹಂಗೇ. ಗಿರಣಿ ಸಾವಕಾರದ್ದೂ ನನ್ನ ನಂಬರೇ. ಮಂದಿಗೆ ಓಟಿಪಿ ಬಂದ್ರ ಗಾಬರಿ ಆಗ್ತಾರ, ಇಲ್ಲಾಂದ್ರ ಯಾರಿಗೋ ಹೇಳಿ ಬ್ಯಾಂಕಿನ್ಯಾಗಿನ ರೊಕ್ಕಾ ಕಳಕೋತಾರ. ನನಗ ಬಂದ್ರ ಕೆಲಸ ಲಗೂನ ಆಗ್ತದ. ನೀವು ಆರಾಮ ಇರ್ತೀರಿ.”

ಪ್ರತಿ ವರ್ಷ ಅವಧಿ ಮುಗಿಯುವ ಮುಂಚೆ ಅವರೇ ಫೋನ್ ಮಾಡುತ್ತಿದ್ದದ್ದು ಹೇಗೆಂದು ಆಗ ಹೊಳೆಯಿತು. ಕಂಪನಿ ನಮಗೆ ಕಳಿಸಿದ ನೆನಪೋಲೆಗಳೆಲ್ಲ ಅವರಿಗೇ ಹೋಗುತ್ತಿದ್ದವು.

“ಗಾಡಿ ಹೊಡ್ಯಾಕಿ ನಾನು,” ಎಂದಳು ನನ್ನ ಹೆಂಡತಿ. “ನನ್ನ ನಂಬರ್ ಯಾಕ ಹಾಕಲಿಲ್ರಿ?”

“ಹೆಣ್ಮಕ್ಕಳ ನಂಬರ್ ಕಂಪನಿಗೆ ಕೊಡಬಾರದ್ರಿ ಅಕ್ಕಾರ. ಲೋನ್ ಬೇಕೇನು, ಕಾರ್ಡ್ ಬೇಕೇನು ಅಂತ ದಿನಾ ಕಾಡ್ತಾರ. ಯಾರ ಕೈಗೆ ಸಿಗ್ತದೋ ಏನೋ. ನಮ್ಮ ಮನ್ಯಾಗಿನಾಕಿದೂ ನಾ ಎಲ್ಲೂ ಕೊಟ್ಟಿಲ್ಲ.”

ಅವರು ಅದನ್ನು ಗೌರವವೆಂದೇ ತಿಳಿದು ಹೇಳಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಊರುಗಳಲ್ಲಿ ಅದು ಗೌರವವೇ. ಗಾಡಿ ನನ್ನ ಹೆಸರಿನಲ್ಲಿತ್ತು, ನಂಬರು ಅವರದಿತ್ತು. ದಿನಾ ಅದರೊಳಗೆ ಕೂತು ಹೋಗುವವಳು ಅದರಲ್ಲಿ ಎಲ್ಲೂ ಇರಲಿಲ್ಲ.

ಅವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದ್ದನ್ನು ಅವರು ಸಿಟ್ಟೆಂದು ತಿಳಿದರೇನೋ, ದನಿ ತಗ್ಗಿಸಿ, “ಎರಡನೇ ಸಲ ಮಾತ್ರ ನನ್ನಿಂದ ತಪ್ಪಾತ್ರಿ,” ಎಂದರು. “ಇಷ್ಟ ದಿನ ನಿಮಗ ಹೇಳಾಕ ಬಾಯಿ ಬರಲಿಲ್ಲ. ಚೀಕಲಪರ್ವಿಯೊಳಗ ಮದುವಿ ಇತ್ತು. ಎಲ್ಲಾರೂ ಹೊಳಿಗೆ ಜಳಕಕ್ಕ ಇಳದಿದ್ವಿ, ಫೋನ್ ದಂಡಿಮ್ಯಾಲ ಚೀಲದಾಗ. ಎದ್ದು ಬಂದು ನೋಡೋದ್ರಾಗ ಓಟಿಪಿ ಬಂದು ಯಾವ ಕಾಲಾಗಿತ್ತೋ.”

“ಯಾವ ಎರಡನೇ ಸಲ?” ಎಂದೆ.

ಎದುರಿನ ಗಿರಣಿಯ ಸದ್ದು ಅಷ್ಟು ಹೊತ್ತು ಇದ್ದದ್ದು ಆಗ ಕೇಳಿಸಿತು. ಏಜೆಂಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಬಶಿಯನ್ನು ಕೆಳಗಿಟ್ಟರು.

“ಪಂಕ್ಚರ್ ಆಗಿತ್ತು,” ಎಂದಳು ಅವಳು, ನನ್ನನ್ನು ನೋಡದೆ. “ದೀಪಾವಳಿ ಆದಮ್ಯಾಲ.”

“ಸರಗ ಗೊತ್ತಿಲ್ಲೇನ್ರಿ?” ಎಂದು ಅವರು ತಮಗೇ ಎಂಬಂತೆ ಅಂದುಕೊಂಡರು.

ಅವಳು ಮಾತನ್ನು ಅಲ್ಲಿಗೇ ಕತ್ತರಿಸಿದಳು. “ಇವತ್ತು ಇಲ್ಲೇ ರಿನಿವಲ್ ಮಾಡಿದ್ರ ನನ್ನ ನಂಬರ್ ಹಾಕಾಕ ಬರ್ತದೇನು?”

“ಹಾಕೋಣ್ರಿ, ಅದಕ್ಕೇನು. ಇವತ್ತು ಹಂಗೇ ಮಾಡಿಬಿಡೋಣ, ಹಳೇದೆಲ್ಲಾ ತುಂಬೇ ಇರ್ತದ. ಆಮ್ಯಾಲ ನಂಬರ್ ಬದಲಿ ಮಾಡಾಕ ಅರ್ಜಿ ಕೊಡೋಣ. ವಾರದೊಳಗ ಆಗ್ತದ.”

“ನಾಳೆ ನಾ ಸಾಲಿಗೆ ಹೋಗಬೇಕು.”

“ನಾ ಅದೀನಲ್ರಿ.”

“ಆ ಮೆಕ್ಯಾನಿಕ್ ನಂಬರ್ ಕೊಡ್ರಿ ಹಂಗಾದ್ರ.”

ಅವರು ತಮ್ಮ ಎರಡು ಫೋನುಗಳಲ್ಲಿ ಒಂದನ್ನು ಎತ್ತಿದರು, ಮತ್ತೆ ಇಟ್ಟರು. “ಅಂವಾ ಹೊಸಬರ ಫೋನ್ ಎತ್ತಂಗಿಲ್ರಿ ಅಕ್ಕಾರ. ನಾ ಹೇಳಿದ್ರ ಬರ್ತಾನ. ನೀವು ನನಗ ಹಚ್ರಿ, ನಾ ಕಳಸ್ತೀನಿ.”

“ನೀವು ಹೊಳ್ಯಾಗಿದ್ರ?”

ಅವರು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. “ಭರೋಸಾ ಇಲ್ಲೇನ್ರಿ ನನ್ನ ಮ್ಯಾಲ? ಅವತ್ತು ಕಂಪನಿ ಬಂದಿರಲಿಲ್ಲ ನೋಡ್ರಿ. ನಾ ಬಂದಿದ್ದೆ, ಇಲ್ಲೇ ಕುಂತು ಬಂದಿದ್ದೆ.”

“ನಿಮ್ಮ ಮ್ಯಾಲ ಭರೋಸಾ ಅದರೀ. ನಿಮ್ಮ ಅಂದಾಜಿನ ಮ್ಯಾಲ ಇಲ್ಲ.”

ಅವಳು ಎದ್ದಳು. ನಾನೂ ಎದ್ದೆ. ಅವರು ಬಾಗಿಲ ತನಕ ಬಂದು, ನನಗೊಬ್ಬನಿಗೇ ಕೇಳುವಂತೆ, “ಇನ್ನ ಹೊತ್ತದ ಸರ. ಹೂಂ ಅಂದ್ರ ಇಲ್ಲಿಂದಲೇ ಮಾಡಿಬಿಡ್ತೀನಿ. ಮನಿಯೊಳಗ ಮಾತಾಡಿಕೋರ್ರಿ,” ಎಂದರು. ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ತಿಳಿದಿರಲಿಲ್ಲ.

ಮಾನ್ವಿ ದಾಟಿದ ಮೇಲೆ ಅವಳು ರಾಯಚೂರಿನ ಕಡೆ ತಿರುಗಿಸಲಿಲ್ಲ. ಸಿರವಾರದ ದಾರಿ ಹಿಡಿದಳು. ಆ ದಾರಿ ಅರಕೇರಾಕ್ಕೆ ಹೋಗುತ್ತದೆ.

“ಎಲ್ಲಿಗೆ?” ಎಂದೆ.

“ತೋರಸ್ತೀನಿ.”

ಕಾಲುವೆ ನೀರಿನ ಗದ್ದೆಗಳು ಮುಗಿದು ಮಳೆಯನ್ನೇ ನಂಬಿದ ಹೊಲಗಳು ಶುರುವಾಗುವವರೆಗೆ ನಾನು ತಡೆದುಕೊಂಡಿದ್ದೆ. ಆಮೇಲೆ ಕೇಳಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. ಶಾಲೆ ಬಿಟ್ಟು ಬರುವಾಗ ಚಕ್ರ ಕುಂತಿತ್ತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಕಂಪನಿಗೆ ಫೋನ್ ಮಾಡಿದಳು. ಮತ್ತೆ ಓಟಿಪಿ ಕೇಳಿದರು. ಬಂದಿಲ್ಲ ಎಂದರೆ, ನೋಂದಾಯಿಸಿದ ಮೊಬೈಲಿಗೆ ಹೋಗಿದೆ, ಅದಿಲ್ಲದೆ ದೂರು ದಾಖಲಾಗುವುದಿಲ್ಲ ಎಂದರು. ನೋಂದಾಯಿಸಿದ ಮೊಬೈಲು ನನ್ನದೇ ಇರಬೇಕೆಂದು ನನಗೆ ಫೋನ್ ಮಾಡಿದಳು. ನಾನು ತರಗತಿಯಲ್ಲಿದ್ದೆ, ಎತ್ತಲಿಲ್ಲ.

“ಆಮ್ಯಾಲ ಒಂದು ಕಾರ್ ಬಂತು. ಇಬ್ಬರಿದ್ರು. ಗಾಜು ಇಳಿಸಿ ಏನಾತು ಅಂದ್ರು. ಏನಿಲ್ಲ, ನಮ್ಮನಿಯವರು ಬರಾಕತ್ಯಾರ ಅಂದೆ. ಹೋದ್ರು. ಸ್ವಲ್ಪ ಮುಂದ ಹೋಗಿ ನಿಂತ್ರು.”

“ನಿಂತು?”

“ನಿಂತ್ರು, ಅಷ್ಟ. ಇಳೀಲಿಲ್ಲ, ಹೋಗಲಿಲ್ಲ. ನಾ ಒಳಗ ಕುಂತು ಲಾಕ್ ಹಾಕ್ಕೊಂಡೆ. ಅವರೂ ಸಿಗ್ನಲ್ ಸಿಗ್ತದ ಅಂತ ನಿಂತಿದ್ದರೋ ಏನೋ. ನನಗ ಈಗಲೂ ಗೊತ್ತಿಲ್ಲ.”

ಹೊತ್ತು ಇಳಿಯುತ್ತಿತ್ತು. ಹತ್ತಿ ಬಿಡಿಸಲು ಹೋಗಿದ್ದ ಹೆಂಗಸರನ್ನು ತುಂಬಿಕೊಂಡು ಒಂದು ಟಂಟಂ ಆಟೋ ಬಂತಂತೆ. ಅದರೊಳಗಿನ ಒಬ್ಬ ಮುದುಕಿ ಗಾಡಿ ನಿಲ್ಲಿಸಿ ಇಳಿದು, ಗಾಜು ಬಡಿದಳು. ‘ಯವ್ವಾ, ಒಬ್ಬಾಕಿ ಯಾಕ ಕುಂತೀದಿ?’ ಎಂದಳು. ಇವಳು ಬಾಗಿಲು ತೆಗೆದ ಕೂಡಲೇ ಮುದುಕಿ ಟಂಟಂ ಕಡೆ ತಿರುಗಿ ಎಲ್ಲರನ್ನೂ ಇಳಿಸಿದಳು. ಅವರು ಕಾರಿನ ಸುತ್ತ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು, ಎಲೆ ಅಡಿಕೆ ತೆಗೆದರು. ಟಂಟಂ ಓಡಿಸುವವನು, ಹೊತ್ತಾತು ಏರ್ರಿ ಎಂದು ಒದರಿದರೆ, ಮುದುಕಿ, ‘ನಿನ್ನ ಹೇಣ್ತಿ ಕುಂತಿದ್ರ ಬಿಟ್ಟು ಹೋಗ್ತಿದ್ದೇನು ಮೂಳಾ? ಸುಮ್ಮ ಕೂಡ್ರು’ ಎಂದಳಂತೆ.

“ಬಸ್ ಬರೂತನ ಕುಂತ್ರು. ಅವರೇ ಕೈ ಮಾಡಿ ನಿಲ್ಲಿಸಿ ನನ್ನ ಹತ್ತಿಸಿದ್ರು. ಮುಂದಿನ ಕಾರ್ ಯಾವಾಗ ಹೋತೋ ನೋಡಲಿಲ್ಲ. ನಮ್ಮ ಗಾಡಿ ಅಲ್ಲೇ ಇತ್ತು. ಮರುದಿನ ನಮ್ಮ ಸಾಲಿ ಸರ್ ಒಬ್ಬರು ಪಂಕ್ಚರ್ ತೆಗೆಸಿಕೊಟ್ರು.”

ಆ ಸಂಜೆ ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಅವಳು ಬಸ್ಸಿನಲ್ಲಿ ಬಂದಿದ್ದಳು. ಗಾಡಿ ಎಲ್ಲಿ ಎಂದರೆ, ಯಾರಿಗೋ ಬೇಕಿತ್ತು, ಶಾಲೆಯಲ್ಲೇ ಬಿಟ್ಟು ಬಂದೆ ಎಂದಳು. ನಾನು ಫೋನ್ ಎತ್ತದ್ದರ ಬಗ್ಗೆ ಏನಾದರೂ ಹೇಳಿದೆನೇ? ತಿರುಗಿ ಮಾಡಿದ್ದೆನೇ? ತಿಳಿಯದು. ಬಸ್ಸಿನ ಧೂಳು ಅವಳ ಕೂದಲಲ್ಲಿ ಇದ್ದದ್ದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಅವತ್ತು ಕಂಡೆನೋ, ಈಗ ಸೇರಿಸುತ್ತಿದ್ದೇನೋ, ಆಣೆ ಮಾಡಿ ಹೇಳಲಾರೆ.

“ನನಗ್ಯಾಕ ಹೇಳಲಿಲ್ಲ?” ಎಂದೆ.

“ಹೇಳಿದ್ರ ಏನಂತಿದ್ರಿ?”

ಏನೆನ್ನುತ್ತಿದ್ದೆನೆಂದು ನನಗೆ ಗೊತ್ತಿತ್ತು. ಕಾರು ಬೇಡ, ಬಸ್ಸಿನಲ್ಲಿ ಹೋಗು ಎನ್ನುತ್ತಿದ್ದೆ. ಬಸ್ಸಿನಲ್ಲಿ ಹೋದರೆ ಕತ್ತಲಿರುವಾಗ ಮನೆ ಬಿಟ್ಟು ಕತ್ತಲಾದ ಮೇಲೆ ಬರಬೇಕು. ಹಾಗಾದರೆ ಕೆಲಸವೇ ಬೇಡ, ದೀರ್ಘ ರಜೆ ಹಾಕು, ವರ್ಗಾವಣೆಗೆ ಓಡಾಡೋಣ ಎನ್ನುತ್ತಿದ್ದೆ. ಆ ಕಾರು, ಆ ದಾರಿ, ಆ ಶಾಲೆ ಅವಳಿಗೆ ಒಂದೇ ಆಗಿತ್ತು. ಒಂದನ್ನು ಬಿಡು ಎಂದರೆ ಮೂರನ್ನೂ ಬಿಡು ಎಂದಂತೆ. ವಾರವಿಡೀ ಅವಳು ಕಂಪನಿ ಬದಲಿಸೋಣ ಎಂದು ಹಟ ಹಿಡಿದದ್ದು ಆ ಮೂರನ್ನೂ ಉಳಿಸಿಕೊಳ್ಳಲು. ನಾನು ಅದಕ್ಕೆ ಎದುರಾಗಿ, ನಡೆಯದ ಒಂದು ಫೋನ್ ಕರೆಯನ್ನು ಇಟ್ಟಿದ್ದೆ.

ಅರಕೇರಾ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. “ಇಲ್ಲೇ,” ಎಂದಳು.

ಬಿಡಿಸಿ ಮುಗಿದ ಹತ್ತಿ ಹೊಲ, ರಸ್ತೆಯಂಚಿಗೆ ಜಾಲಿ ಗಿಡ. ನೋಡಲು ಏನೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ನನ್ನ ಫೋನ್ ತೆಗೆದು ನೋಡಿದೆ, ಸಿಗ್ನಲ್ ಇರಲಿಲ್ಲ. ಅವಳದರಲ್ಲಿ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು.

“ನೀವು ಇಲ್ಲೇ ಕೂಡ್ರಿ,” ಎಂದು ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದಳು. ಫೋನನ್ನು ಮುಖದ ಮುಂದೆ ಹಿಡಿದುಕೊಂಡು ಬಂದ ದಾರಿಯಲ್ಲೇ ಅರಕೇರಾದ ಕಡೆ ನಡೆಯತೊಡಗಿದಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವಳು ಸಣ್ಣವಳಾಗುತ್ತ ಹೋದಳು. ಒಂದು ಮೋಟರ್ ಸೈಕಲ್ ಎದುರಿನಿಂದ ಬಂತು, ಮೇಲೆ ಇಬ್ಬರು. ಕಾರಿನ ಹತ್ತಿರ ನಿಧಾನ ಮಾಡಿ, ಬಗ್ಗಿ ನನ್ನನ್ನು ನೋಡಿ, ಮುಂದೆ ಹೋದರು. ನನ್ನ ಕೈ ತಾನಾಗಿ ಬಾಗಿಲಿನ ಲಾಕಿನ ಮೇಲೆ ಹೋಗಿತ್ತು. ಅವರು ಅವಳ ಬಳಿಯೂ ನಿಧಾನ ಮಾಡಿದರು. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟೆ. ಅವಳು ತಲೆ ಎತ್ತಲಿಲ್ಲ. ಅವರು ಹೋದರು.

ಒಂದು ಬೇವಿನ ಗಿಡದ ಕೆಳಗೆ ಅವಳು ನಿಂತಳು. ಬಹಳ ಹೊತ್ತು ನಿಂತಳು. ಫೋನನ್ನು ಒಮ್ಮೆ ಕಿವಿಗಿಡುತ್ತಿದ್ದಳು, ಒಮ್ಮೆ ಕಣ್ಣಿನ ಮುಂದೆ ಹಿಡಿಯುತ್ತಿದ್ದಳು. ಏಜೆಂಟರಿಗೆ ಹೂಂ ಎನ್ನುತ್ತಿದ್ದಾಳೋ, ಹೊಸ ಕಂಪನಿಯದನ್ನು ಮಾಡುತ್ತಿದ್ದಾಳೋ ನನಗೆ ಗೊತ್ತಿರಲಿಲ್ಲ. ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಗಾಡಿ ನನ್ನ ಹೆಸರಿನಲ್ಲಿದೆ, ನಿರ್ಧಾರ ನನ್ನದಲ್ಲ ಎನ್ನುವುದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಆದರೂ ಕೂತಲ್ಲಿ ಕೂರಲಾಗದೆ ಇಳಿದೆ, ಹತ್ತಿದೆ, ಮತ್ತೆ ಇಳಿದೆ.

ಅವಳು ಬಿಸಿಲಿಗೆ ಕೆಂಪಾಗಿ ಬಂದು ಕೂತಳು. ನೀರು ಕುಡಿದಳು.

“ಹೊಸ ಕಂಪನಿದು ಮಾಡಿದೆ. ನನ್ನ ನಂಬರ್ ಹಾಕೀನಿ.”

“ಇಲ್ಲಿಗೆ ಯಾರು ಬರ್ತಾರಂತ?”

“ಅದನ್ನೂ ಕೇಳಿದೆ. ರಾಯಚೂರಿನಿಂದ ಬರ್ತಾರಂತ. ತಡ ಆಗ್ತದ ಮೇಡಂ ಅಂದ್ರು.”

“ಮತ್ತ?”

“ತಡ ಆಗಲಿ. ಕರದಾಕಿ ನಾನು ಅಂತ ಅವರಿಗೆ ಗೊತ್ತಿರ್ತದಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಬೇವಿನ ಗಿಡದತನ ನಡೆದ್ರ ಫೋನ್ ಹತ್ತತದ. ಅದಕ್ಕಿಂತ ಈ ಕಡಿ ನಿಂತ್ರ ಖಾತ್ರಿ ಇಲ್ಲ.”

ನೀರಿನ ಬಾಟಲಿಯ ಮುಚ್ಚಳ ತಿರುವುತ್ತ, “ಏಜೆಂಟರಿಗೂ ಹಚ್ಚಿದ್ದೆ,” ಎಂದಳು. “ಈ ಸಲ ನಿಮ್ಮ ಕಡಿಂದ ಮಾಡಸಲಿಲ್ರಿ ಅಂದೆ.”

“ಏನಂದ್ರು?”

“ಆತ್ರಿ ಅಂದ್ರು. ಇಟ್ರು.”

ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟೆವು. ಇಷ್ಟು ವರ್ಷದ ಮನುಷ್ಯ ಒಂದೇ ಮಾತಿನಲ್ಲಿ ಫೋನ್ ಇಟ್ಟದ್ದು ನನ್ನನ್ನು ಚುಚ್ಚುತ್ತಿತ್ತು. ಅವಳನ್ನೂ ಚುಚ್ಚುತ್ತಿತ್ತು ಎಂದು ಗೇರು ಬದಲಿಸುವ ರೀತಿಯಲ್ಲೇ ತಿಳಿಯುತ್ತಿತ್ತು. ಅವರು ಅವತ್ತು ಅಂದಾಜಿನ ಮೇಲೆ ಮೆಕ್ಯಾನಿಕ್‌ನನ್ನು ಕಳಿಸದೇ ಇದ್ದಿದ್ದರೆ ನಾವಿಬ್ಬರೂ ಎಷ್ಟು ಹೊತ್ತು ನಿಂತಿರುತ್ತಿದ್ದೆವೋ.

ಅರಕೇರಾದ ಮನೆಗಳು ಕಾಣುವ ಹೊತ್ತಿಗೆ ಅವಳ ಫೋನ್ ಸದ್ದು ಮಾಡಿತು. ನೋಡ್ರಿ ಎಂದಳು. ಏಜೆಂಟರಿಂದ ಸಂದೇಶ. ಒಂದು ಮೊಬೈಲ್ ನಂಬರ್, ಅದರ ಮುಂದೆ ‘ಮೆಕ್ಯಾನಿಕ್’ ಎಂದಷ್ಟೇ ಇತ್ತು. ಬೇರೆ ಒಂದಕ್ಷರ ಇಲ್ಲ. ಗಟ್ಟಿಯಾಗಿ ಓದಿದೆ. ಅವಳು ಗಾಡಿಯ ವೇಗ ಕಡಿಮೆ ಮಾಡಿದಳು.

“ಹಚ್ಚಿ ನೋಡ್ರಿ. ಹೊಸಬರದು ಎತ್ತಂಗಿಲ್ಲ ಅಂದಿದ್ರಲ್ಲ.”

ಅವಳ ಫೋನಿನಿಂದಲೇ ಹಚ್ಚಿ, ದನಿ ದೊಡ್ಡದು ಮಾಡಿ ನಡುವೆ ಹಿಡಿದೆ. ರಿಂಗ್ ಆಗುತ್ತ ಹೋಯಿತು. ನಿಂತಿತು. ನಾನು ಮತ್ತೊಮ್ಮೆ ಹಚ್ಚಿದೆ. ಕಡೆಯ ಹೊತ್ತಿಗೆ ಎತ್ತಿದ. ಹಿಂದೆ ಯಾವುದೋ ಎಂಜಿನ್ನು ಗರ್ ಎನ್ನುತ್ತಿತ್ತು.

“ಯಾರ್ರಿ?”

ನಾನು ಬಾಯಿ ತೆರೆಯುವ ಮುಂಚೆ ಅವಳೇ ಫೋನಿನ ಕಡೆ ಬಾಗಿದಳು. “ನಾನು. ಬಿಳಿ ಕಾರಿನ ಅಕ್ಕಾರು. ಮಳಿಗಾಲದಾಗ ಬಂದಿದ್ರಲ್ಲ.”

ಆ ಕಡೆ ಎಂಜಿನ್ನಿನ ಸದ್ದು ನಿಂತಿತು. “ಹಾಂ ಅಕ್ಕಾರ. ಎಲ್ಲಿ ನಿಂತದ್ರಿ ಗಾಡಿ?”

“ನಿಂತಿಲ್ಲ,” ಎಂದಳು ಅವಳು. “ನಿಂತ್ರ ಹಚ್ತೀನಿ. ಎತ್ತಬೇಕು ನೋಡಪ್ಪಾ.”